ಮೂಗು ಕಟ್ಟಿದ ದಿನದಿಂದ ಎಣಿಸಿ: ಸೈನಸ್ ಸೋಂಕಿಗೊಂದು ಸಮಗ್ರ ಮಾರ್ಗದರ್ಶಿ

"ನಂಗೆ ಸೈನಸ್ ಇದೆ ಕಣ್ರೀ" ಎನ್ನುವವರು ಮನೆಗೊಬ್ಬರಾದರೂ ಸಿಗುತ್ತಾರೆ. ನಮ್ಮ ಮನೆಯಲ್ಲಿ ಆ ಒಬ್ಬಳು ನಾನೇ. ನಿಜ ಹೇಳಬೇಕೆಂದರೆ ಸೈನಸ್ ಎಲ್ಲರಿಗೂ ಇದೆ. ಅದು ಕಾಯಿಲೆಯ ಹೆಸರಲ್ಲ, ಮುಖದ ಮೂಳೆಗಳೊಳಗೆ ಗಾಳಿ ತುಂಬಿಕೊಂಡಿರುವ ಟೊಳ್ಳುಗಳ ಹೆಸರು. ಆ ಟೊಳ್ಳುಗಳ ಒಳಪದರ ಊದಿಕೊಂಡಾಗ ಬರುವುದೇ ಸೈನಸೈಟಿಸ್.

ನಾನು ಡಾಕ್ಟರ್ ಅಲ್ಲ. ತಪ್ಪು ಮಾಡಿ ಮಾಡಿ ಕಲಿತವಳು. ನೆಗಡಿ ಬಂದಾಗಲೆಲ್ಲ ಮೆಡಿಕಲ್ ಶಾಪಿಗೆ ಹೋಗಿ ಮೂರು ಮಾತ್ರೆಯ ಆಂಟಿಬಯಾಟಿಕ್ ಸ್ಟ್ರಿಪ್ ತಂದು ನುಂಗಿದ್ದೇನೆ. ಮೂಗಿನ ಡ್ರಾಪ್ಸ್ ಬಾಟಲಿಯನ್ನು ದಿಂಬಿನ ಕೆಳಗಿಟ್ಟುಕೊಂಡು ತಿಂಗಳುಗಟ್ಟಲೆ ಮಲಗಿದ್ದೇನೆ. ಕೊನೆಗೆ ಕಿವಿ-ಮೂಗು-ಗಂಟಲು ಡಾಕ್ಟರೊಬ್ಬರ ಮುಂದೆ ಕೂತಾಗ ಅವರು ಮೊದಲು ಕೇಳಿದ್ದು ಇಷ್ಟೇ: "ಮೂಗು ಕಟ್ಟಿ ಇವತ್ತಿಗೆ ಎಷ್ಟನೇ ದಿನ?"

"ಒಂದು ವಾರ ಇರಬಹುದು ಡಾಕ್ಟ್ರೇ. ಹತ್ತು ದಿನವೂ ಆಗಿರಬಹುದು."

ಅವರು ಪೆನ್ನು ಕೆಳಗಿಟ್ಟರು. ಏಳು ದಿನಕ್ಕೆ ಒಂದು ಚಿಕಿತ್ಸೆ, ಹತ್ತು ದಿನ ದಾಟಿದರೆ ಇನ್ನೊಂದು, ಹನ್ನೆರಡು ವಾರ ಆಗಿದ್ದರೆ ಕಾಯಿಲೆಯೇ ಬೇರೆ ಎಂದರು. ಅವತ್ತಿನಿಂದ ನಮ್ಮ ನಡುಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ, ಹಾಲು ಬರದ ದಿನ ಮತ್ತು ಗ್ಯಾಸ್ ಬುಕ್ ಮಾಡಿದ ದಿನದ ಪಕ್ಕ, ಮೂಗು ಕಟ್ಟಿದ ದಿನಕ್ಕೆ "ನೆ" ಎಂದು ಬರೆಯುತ್ತೇನೆ. ನೆಗಡಿಯ "ನೆ". ನಿಮಗೂ ಮೊದಲ ಕೆಲಸ ಅದೇ. ಮುಂದೆ ಹೇಳುವುದೆಲ್ಲ ಆ ಲೆಕ್ಕದ ಮೇಲೆ ನಿಂತಿದೆ.

ಒಳಗೆ ಏನಾಗುತ್ತದೆ

ಸೈನಸ್‌ಗಳು ನಾಲ್ಕು ಜೊತೆ. ಕೆನ್ನೆಯ ಹಿಂದೆ ಇರುವುದು ಮ್ಯಾಕ್ಸಿಲರಿ, ಇದೇ ಎಲ್ಲಕ್ಕಿಂತ ದೊಡ್ಡದು. ಹಣೆಯಲ್ಲಿ ಫ್ರಾಂಟಲ್. ಎರಡು ಕಣ್ಣುಗಳ ನಡುವೆ ಜೇನುಗೂಡಿನ ಹಾಗೆ ಸಣ್ಣ ಸಣ್ಣ ಕೋಣೆಗಳಿರುವ ಎಥ್ಮಾಯ್ಡ್. ಇವೆಲ್ಲದರ ಹಿಂದೆ, ತಲೆಯ ನಡುಭಾಗದಲ್ಲಿ, ಸ್ಫೀನಾಯ್ಡ್.

ಒಳಗೋಡೆಯಲ್ಲಿ ಸದಾ ಒಂದಿಷ್ಟು ಲೋಳೆ ಒಸರುತ್ತಿರುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳು ಆ ಲೋಳೆಯನ್ನು ಗುಡಿಸಿಕೊಂಡು ಒಂದು ಸಣ್ಣ ಕಂಡಿಯ ಮೂಲಕ ಮೂಗಿಗೆ ತಳ್ಳುತ್ತವೆ. ವಿಚಿತ್ರ ಏನೆಂದರೆ, ಕೆನ್ನೆಯ ಸೈನಸ್ಸಿನ ಕಂಡಿ ತಳದಲ್ಲಿಲ್ಲ, ಮೇಲುಗಡೆ ಇದೆ. ಮನೆ ಮೇಲಿನ ಟ್ಯಾಂಕಿಗೆ ನೀರು ಹೊರಹೋಗುವ ಪೈಪನ್ನು ತಳ ಬಿಟ್ಟು ಮೇಲಿನ ಅಂಚಿನಲ್ಲಿ ಕೂರಿಸಿದರೆ ಹೇಗೋ ಹಾಗೆ. ಪ್ಲಂಬರ್ ಹಾಗೆ ಮಾಡಿದ್ದರೆ ನಾವು ಸುಮ್ನೆ ಬಿಡುತ್ತಿದ್ದೆವಾ? ಆದರೂ ಆ ರೋಮಗಳು ದಿನವಿಡೀ ಲೋಳೆಯನ್ನು ಮೇಲಕ್ಕೆ ಹತ್ತಿಸುತ್ತಲೇ ಇರುತ್ತವೆ.

ನೆಗಡಿಯ ವೈರಸ್ ಬಂದಾಗ ಒಳಪದರ ಊದುತ್ತದೆ. ಕೆಲವೇ ಮಿಲಿಮೀಟರ್ ಅಗಲದ ಕಂಡಿ ಮುಚ್ಚಿಕೊಳ್ಳುತ್ತದೆ. ರೋಮಗಳು ಸುಸ್ತಾಗುತ್ತವೆ. ಲೋಳೆ ಒಳಗೇ ನಿಂತು ಗಟ್ಟಿಯಾಗುತ್ತದೆ. ಅಂದರೆ ಮೂಲದಲ್ಲಿ ಇದು ಚರಂಡಿ ಕಟ್ಟಿಕೊಂಡ ಸಮಸ್ಯೆ. ಬ್ಯಾಕ್ಟೀರಿಯಾ ಬರುವುದು ಆಮೇಲೆ, ಅದೂ ಕೆಲವರಲ್ಲಿ ಮಾತ್ರ. ನೂರು ವೈರಸ್ ನೆಗಡಿಗಳಲ್ಲಿ ಬ್ಯಾಕ್ಟೀರಿಯಾ ಸೋಂಕಿಗೆ ತಿರುಗುವುದು ಹೆಚ್ಚೆಂದರೆ ಎರಡು.

ಕಂಡಿ ಕಟ್ಟಿಕೊಳ್ಳಲು ನೆಗಡಿಯೇ ಆಗಬೇಕೆಂದಿಲ್ಲ. ಧೂಳಿನ ಅಲರ್ಜಿ, ಖಾಲಿ ಸೈಟುಗಳಲ್ಲಿ ಬೆಳೆಯುವ ಪಾರ್ಥೇನಿಯಂ ಗಿಡದ ಪರಾಗ, ಸಿಗರೇಟ್ ಹೊಗೆ, ಮೂಗಿನ ನಡುಗೋಡೆ ಸೊಟ್ಟಗಿರುವುದು, ಮೂಗಿನೊಳಗೆ ದ್ರಾಕ್ಷಿಯಂತೆ ಬೆಳೆಯುವ ಪಾಲಿಪ್‌ಗಳು, ಇವೆಲ್ಲ ಕಾರಣವಾಗುತ್ತವೆ. ತಲೆಸ್ನಾನ ಮಾಡಿ ಸಾಂಬ್ರಾಣಿ ಹೊಗೆ ಹಾಕಿಕೊಂಡರೆ ಶೀತ ಆಗಲ್ಲ ಎಂದು ನಮ್ಮಮ್ಮ ಈಗಲೂ ಹೇಳುತ್ತಾರೆ. ವಾಸನೆ ನನಗೂ ಇಷ್ಟ. ಆದರೆ ಕಟ್ಟಿದ ಮೂಗಿಗೆ ಹೊಗೆ ಹೊಗೆಯೇ, ಅದು ಸಾಂಬ್ರಾಣಿಯದಾಗಲಿ, ಊದುಬತ್ತಿಯದಾಗಲಿ, ಸೊಳ್ಳೆ ಬತ್ತಿಯದಾಗಲಿ. ಅರಿಶಿನದ ಕೊಂಬು ಸುಟ್ಟು ಮೂಗಿಗೆ ಹಿಡಿಯುವುದೂ ಅಷ್ಟೇ, ಬೇಡ.

ಲಕ್ಷಣ ಗುರುತಿಸುವುದು

ಮುಖ್ಯವಾದವು ನಾಲ್ಕು. ಮೂಗು ಕಟ್ಟುವುದು, ಗಟ್ಟಿ ಸಿಂಬಳ ಮುಂದಕ್ಕೆ ಸುರಿಯುವುದು ಅಥವಾ ಹಿಂದಿನಿಂದ ಗಂಟಲಿಗೆ ಇಳಿಯುವುದು, ಕೆನ್ನೆ-ಹಣೆಯಲ್ಲಿ ಒತ್ತಿದಂಥ ನೋವು, ವಾಸನೆ ಗೊತ್ತಾಗದಿರುವುದು. ಬಗ್ಗಿದಾಗ ಮುಖವೆಲ್ಲ ಭಾರ ಎನಿಸುತ್ತದೆ. ಬೆಳಿಗ್ಗೆ ರಂಗೋಲಿ ಹಾಕಲು ಬಗ್ಗಿದರೆ ಕಣ್ಣಿನ ಕೆಳಗೆ ಏನೋ ಜಾರಿ ಮುಂದೆ ಬಂದ ಹಾಗೆ ನನಗೆ ಆಗುತ್ತದೆ. ಇದರ ಜೊತೆಗೆ ರಾತ್ರಿ ಕೆಮ್ಮು, ಕಿವಿ ಗುಂಯ್ ಎನ್ನುವುದು, ಬಾಯಿ ವಾಸನೆ, ಮೇಲಿನ ದವಡೆ ಹಲ್ಲುಗಳ ನೋವು, ಸುಸ್ತು ಬರಬಹುದು.

ಇಲ್ಲಿ ಎಲ್ಲರೂ ಮಾಡುವ ತಪ್ಪೊಂದಿದೆ. ಸಿಂಬಳ ಹಳದಿ ಅಥವಾ ಹಸಿರಾದರೆ "ಇನ್‌ಫೆಕ್ಷನ್ ಆಗಿದೆ, ಆಂಟಿಬಯಾಟಿಕ್ ಬೇಕು" ಎನ್ನುತ್ತೇವೆ. ಬಣ್ಣ ಬರುವುದು ನಮ್ಮದೇ ಬಿಳಿ ರಕ್ತಕಣಗಳಿಂದ. ಅವುಗಳೊಳಗಿನ ಕಿಣ್ವವೊಂದು ಹಸಿರು ಬಣ್ಣದ್ದು. ವೈರಸ್ ನೆಗಡಿಯಲ್ಲೂ ಮೂರು-ನಾಲ್ಕನೇ ದಿನಕ್ಕೆ ಬಣ್ಣ ತಿರುಗುತ್ತದೆ, ಆಮೇಲೆ ತಾನೇ ತಿಳಿಯಾಗುತ್ತದೆ. ಕರ್ಚೀಫ್ ನೋಡುವುದು ಬಿಟ್ಟು ಕ್ಯಾಲೆಂಡರ್ ನೋಡಿ.

1ರಿಂದ 9ನೇ ದಿನದವರೆಗೆ

ಈ ದಿನಗಳಲ್ಲಿ ಮಾಡಬೇಕಾದದ್ದು ನಿಜವಾಗಿ ಬಹಳ ಕಡಿಮೆ. ಮೂಗು ತೊಳೆಯುವುದು, ನೋವು ತಗ್ಗಿಸುವುದು, ನಿದ್ದೆ ಮಾಡುವುದು.

ನೋವಿಗೆ, ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ದೊಡ್ಡವರಿಗೆ 500 ಅಥವಾ 650 ಮಿಲಿಗ್ರಾಂ, ಬೇಕಿದ್ದರೆ ಮಾತ್ರ, ಆರು ಗಂಟೆ ಬಿಟ್ಟು ಇನ್ನೊಂದು. ಡಾಕ್ಟರ್ ಹೇಳದೆ ದಿನಕ್ಕೆ 3 ಗ್ರಾಂ ದಾಟಬೇಡಿ. ಲಿವರ್ ತೊಂದರೆ ಇದ್ದವರು, ದಿನಾ ಕುಡಿಯುವವರು ಕೇಳಿಯೇ ತಗೊಳ್ಳಬೇಕು. ಅಂಗಡಿಯಲ್ಲಿ ಸಿಗುವ "ಶೀತದ ಮಾತ್ರೆ"ಗಳಲ್ಲಿ ಬಹುಪಾಲು ಪ್ಯಾರಾಸಿಟಮಾಲ್ ಮೊದಲೇ ಇರುತ್ತದೆ. ಅದರ ಮೇಲೆ ಇನ್ನೊಂದು ನುಂಗಿದರೆ ಡಬಲ್ ಆಗುತ್ತದೆ. ಅವುಗಳಲ್ಲೇ ಮೂಗು ಬಿಡಿಸುವ ಫಿನೈಲೆಫ್ರಿನ್ ಕೂಡ ಇರುತ್ತದೆ, ಬಿಪಿ ಇದ್ದವರಿಗೆ ಅದು ಒಳ್ಳೆಯದಲ್ಲ. ಸ್ಟ್ರಿಪ್ಪಿನ ಹಿಂದಿನ ಸಣ್ಣ ಅಕ್ಷರ ಓದಿ. ಮಳೆಗಾಲದಲ್ಲಿ ಜ್ವರ ಜೋರಾಗಿದ್ದು ಡೆಂಗಿ ಅನುಮಾನ ಇದ್ದರೆ ಐಬುಪ್ರೊಫೆನ್, ಆಸ್ಪಿರಿನ್ ಮುಟ್ಟಬೇಡಿ.

ಮೆಣಸಿನ ಸಾರು, ಶುಂಠಿ ಕಷಾಯ ಕುಡಿಯಿರಿ. ಸೋಂಕನ್ನು ಓಡಿಸದಿದ್ದರೂ ಬಿಸಿ ಬಿಸಿ ಕುಡಿದಾಗ ಗಂಟಲಿಗೆ ಹಿತ, ಲೋಳೆ ಒಂದಿಷ್ಟು ಸಡಿಲವಾಗುತ್ತದೆ. ಮೊಸರು ಬಿಟ್ಟರೆ ಸೈನಸ್ ಹೋಗುತ್ತದೆ ಎನ್ನುವುದಕ್ಕೆ ಆಧಾರವಿಲ್ಲ. ನಾನಂತೂ ಮೊಸರನ್ನ ಬಿಟ್ಟಿಲ್ಲ.

ಹಬೆ ತೆಗೆದುಕೊಳ್ಳುವುದರಿಂದ ಸ್ವಲ್ಪ ಹೊತ್ತು ಮೂಗು ಬಿಟ್ಟ ಹಾಗಾಗುತ್ತದೆ, ಅಷ್ಟೇ. ಕಾಯಿಲೆಯ ಅವಧಿ ಅದರಿಂದ ಕಡಿಮೆಯಾಗುವುದಿಲ್ಲ. ಮಕ್ಕಳಿಗೆ ಮಾತ್ರ ಖಂಡಿತ ಬೇಡ. ಕುದಿಯುವ ನೀರಿನ ಪಾತ್ರೆ, ಮೇಲೆ ಟವೆಲ್, ಒಳಗೆ ಕೊಸರಾಡುವ ಮಗು. ಸುಟ್ಟ ಗಾಯ ಆಗಲು ಇನ್ನೇನು ಬೇಕು?

ಮೂಗಿನ ಡ್ರಾಪ್ಸ್ ವಿಷಯಕ್ಕೆ ಬರೋಣ. ಆಕ್ಸಿಮೆಟಜೋಲಿನ್, ಕ್ಸೈಲೋಮೆಟಜೋಲಿನ್ ಎಂದು ಬರೆದಿರುವ ಡ್ರಾಪ್ಸ್ ಹತ್ತೇ ನಿಮಿಷದಲ್ಲಿ ಮೂಗು ಬಿಡಿಸುತ್ತವೆ. ಅದೇ ಅಪಾಯ. ಮೂರು ದಿನ, ಹೆಚ್ಚೆಂದರೆ ಐದು ದಿನ, ಅಲ್ಲಿಗೆ ನಿಲ್ಲಿಸಬೇಕು. ಮುಂದುವರಿಸಿದರೆ ಔಷಧದ ಪ್ರಭಾವ ಇಳಿದ ಕೂಡಲೇ ಮೂಗು ಮೊದಲಿಗಿಂತ ಜಾಸ್ತಿ ಊದುತ್ತದೆ. ಆಗ ಮತ್ತೆ ಡ್ರಾಪ್ಸ್. ನನಗೆ ಆದದ್ದು ಅದೇ. ರಾತ್ರಿ ಎರಡು ಗಂಟೆಗೆ ಬಾಯಿ ಒಣಗಿ ಎಚ್ಚರವಾಗುತ್ತಿತ್ತು. ಲೈಟ್ ಹಾಕದೆ ದಿಂಬಿನ ಕೆಳಗೆ ಕೈ ಹಾಕಿ, ಕತ್ತಲಲ್ಲೇ ಮುಚ್ಚಳ ತಿರುಗಿಸಿ, ಎರಡು ಹನಿ. ನೆಗಡಿ ಯಾವತ್ತೋ ಹೋಗಿತ್ತು. ಉಳಿದದ್ದು ಡ್ರಾಪ್ಸ್ ಹುಟ್ಟಿಸಿದ ಕಾಯಿಲೆ. ಬಿಡಿಸಲು ಡಾಕ್ಟರ್ ಸ್ಟೀರಾಯ್ಡ್ ಸ್ಪ್ರೇ ಕೊಟ್ಟು, ಮೊದಲು ಒಂದು ಹೊಳ್ಳೆಗೆ ನಿಲ್ಲಿಸಿ, ಆಮೇಲೆ ಇನ್ನೊಂದಕ್ಕೆ ನಿಲ್ಲಿಸಿದರು. ಆ ಹತ್ತು ದಿನ ನೆನೆಸಿಕೊಂಡರೆ ಈಗಲೂ ಬಾಯಿಂದಲೇ ಉಸಿರು ಬರುತ್ತದೆ.

ಮೂಗು ತೊಳೆಯುವ ಕ್ರಮ

ಮನೆಯಲ್ಲೇ ಮಾಡಬಹುದಾದದ್ದರಲ್ಲಿ ನಿಜವಾಗಿ ಕೆಲಸ ಮಾಡುವುದು ಇದು. ಯೋಗ ಕಲಿತವರಿಗೆ ಜಲನೇತಿ ಎಂದರೆ ಗೊತ್ತು. ನೇತಿ ಪಾತ್ರೆಯಾದರೂ ಸರಿ, ಮೆಡಿಕಲ್ ಶಾಪಿನಲ್ಲಿ ಸಿಗುವ ಒತ್ತುವ ಬಾಟಲಿಯಾದರೂ ಸರಿ.

1. ಕೈ, ಪಾತ್ರೆ ಎರಡನ್ನೂ ಸೋಪಿನಿಂದ ತೊಳೆಯಿರಿ.

2. ನೀರನ್ನು ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಕುದಿಸಿ, ಮುಚ್ಚಿಟ್ಟು ಉಗುರುಬೆಚ್ಚಗಾಗಲು ಬಿಡಿ. ನಲ್ಲಿ ನೀರು, ಬೋರ್‌ವೆಲ್ ನೀರು ನೇರವಾಗಿ ಬೇಡವೇ ಬೇಡ. ಫಿಲ್ಟರ್ ನೀರಾದರೂ ಕುದಿಸಿ. ಕೇರಳದಲ್ಲಿ 2024 ಮತ್ತು 2025ರಲ್ಲಿ ಹಲವರ ಜೀವ ತೆಗೆದ ಅಮೀಬಾ ಮಿದುಳು ಸೋಂಕಿನ ಸುದ್ದಿ ಓದಿರುತ್ತೀರಿ. ಅದಕ್ಕೆ ಕಾರಣವಾಗುವ ಅಮೀಬಾಗಳಲ್ಲಿ ಒಂದಾದ ನೇಗ್ಲೇರಿಯಾ, ಕುಡಿಯುವ ನೀರಿನ ಜೊತೆ ಹೊಟ್ಟೆಗೆ ಹೋದರೆ ಏನೂ ಮಾಡುವುದಿಲ್ಲ. ಅದು ಮಿದುಳಿಗೆ ಹೋಗುವುದು ಮೂಗಿನ ದಾರಿಯಿಂದ. ಈ ಒಂದು ಹಂತದಲ್ಲಿ ಸೋಮಾರಿತನ ಬೇಡ.

3. 250 ಮಿಲಿಲೀಟರ್ ನೀರಿಗೆ ಅರ್ಧ ಟೀ ಚಮಚಕ್ಕಿಂತ ತುಸು ಕಡಿಮೆ ಉಪ್ಪು, ಒಂದು ಚಿಟಿಕೆ ಅಡುಗೆ ಸೋಡಾ. ಬೇಕಿಂಗ್ ಪೌಡರ್ ಅಲ್ಲ. ರುಚಿ ಕಣ್ಣೀರಿನಷ್ಟು ಉಪ್ಪಾಗಿದ್ದರೆ ಸರಿ. ಬರೀ ನೀರು ಹಾಕಿದರೆ ಹಣೆಗೆ ಬೆಂಕಿ ಇಟ್ಟ ಹಾಗೆ ಉರಿಯುತ್ತದೆ. ಅಡುಗೆಯ ಪುಡಿ ಉಪ್ಪು ಕೆಲವರ ಮೂಗಿಗೆ ಉರಿ ತರುತ್ತದೆ, ಅಂಥವರಿಗೆ ಅಳತೆ ಮಾಡಿದ ಉಪ್ಪಿನ ಪ್ಯಾಕೆಟ್‌ಗಳೇ ಸಿಗುತ್ತವೆ.

4. ಸಿಂಕಿನ ಮೇಲೆ ಬಗ್ಗಿ, ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ. ಬಾಯಿ ತೆರೆದು ಬಾಯಿಂದಲೇ ಉಸಿರಾಡಿ. ಮೇಲಿರುವ ಹೊಳ್ಳೆಗೆ ನಿಧಾನವಾಗಿ ನೀರು ಬಿಡಿ. ಕೆಳಗಿನ ಹೊಳ್ಳೆಯಿಂದ ಬರುತ್ತದೆ. ಗಂಟಲಿಗೆ ಇಳಿಯುತ್ತಿದ್ದರೆ "ಕ್, ಕ್" ಎನ್ನುತ್ತಿರಿ, ಅಂಗುಳಿನ ಹಿಂಭಾಗ ಮೇಲೆದ್ದು ದಾರಿ ಮುಚ್ಚುತ್ತದೆ.

5. ಅರ್ಧ ಬಾಟಲಿ ಒಂದು ಕಡೆ, ಇನ್ನರ್ಧ ಇನ್ನೊಂದು ಕಡೆ. ಮುಗಿದ ಮೇಲೆ ಒಂದೊಂದೇ ಹೊಳ್ಳೆ ಮುಚ್ಚಿ ಮೆಲ್ಲಗೆ ಮೂಗು ಸೀಟಿ. ಎರಡೂ ಮುಚ್ಚಿ ಜೋರಾಗಿ ಸೀಟಿದರೆ ನೀರು ಕಿವಿಯ ಕಡೆ ಹೋಗುತ್ತದೆ.

ಒಳಗೆ ಸ್ವಲ್ಪ ನೀರು ಉಳಿದೇ ಇರುತ್ತದೆ. ಮೊದಲ ಸಲ ತೊಳೆದು ಅರ್ಧ ಗಂಟೆ ಆದ ಮೇಲೆ ಪೇಪರ್ ಎತ್ತಲು ಬಗ್ಗಿದೆ, ಮುಖಪುಟದ ಮೇಲೆ ಟಪ ಟಪ ನಾಲ್ಕು ಹನಿ ಬಿತ್ತು. ಅದಕ್ಕೇ ಮಲಗುವ ಮುಂಚೆ, ಹೊರಗೆ ಹೊರಡುವ ಮುಂಚೆ ಮಾಡಬೇಡಿ. ಕಾಯಿಲೆಯಿದ್ದಾಗ ದಿನಕ್ಕೆ ಎರಡು ಸಲ ಸಾಕು. ಕಿವಿ ನೋವಿದ್ದರೆ, ಮೂಗಿನಲ್ಲಿ ರಕ್ತ ಬರುತ್ತಿದ್ದರೆ, ಎರಡೂ ಹೊಳ್ಳೆ ಪೂರ್ತಿ ಕಟ್ಟಿದ್ದರೆ ಬಿಟ್ಟುಬಿಡಿ. ಬಾಟಲಿಯನ್ನು ಪ್ರತಿ ಸಲ ತೊಳೆದು ಬೋರಲು ಹಾಕಿ ಒಣಗಿಸಿ.

ಹತ್ತನೇ ದಿನದ ಪರೀಕ್ಷೆ

ಬ್ಯಾಕ್ಟೀರಿಯಾ ಸೋಂಕು ಎಂದು ಡಾಕ್ಟರುಗಳು ಅನುಮಾನಿಸುವುದು ಮೂರು ಸಂದರ್ಭದಲ್ಲಿ. ಒಂದು, ಹತ್ತು ದಿನ ಕಳೆದರೂ ಒಂದಿಷ್ಟೂ ಕಡಿಮೆಯಾಗಿಲ್ಲ. ಎರಡು, ಶುರುವಿನಿಂದಲೇ 102 ಡಿಗ್ರಿ ಜ್ವರದ ಜೊತೆಗೆ ಕೀವಿನಂಥ ಸಿಂಬಳ ಅಥವಾ ಮುಖದ ನೋವು ಮೂರು-ನಾಲ್ಕು ದಿನ ಬಿಡದೆ ಇದೆ. ಮೂರು, ಐದಾರು ದಿನಕ್ಕೆ ವಾಸಿಯಾಗುತ್ತಾ ಬಂದದ್ದು ಮತ್ತೆ ತಿರುಗಿ ಜೋರಾಯಿತು. ಈ ಮೂರನೆಯದನ್ನು ಕ್ಯಾಲೆಂಡರ್ ಇಲ್ಲದೆ ಹಿಡಿಯುವುದು ಕಷ್ಟ. ಹಾಗಾಗಿ ನಾನು "ನೆ" ಮುಂದೆ ದಿನಾ ಒಂದು ಬಾಣ ಹಾಕುತ್ತೇನೆ, ಜಾಸ್ತಿಯಾದರೆ ಮೇಲಕ್ಕೆ, ಕಡಿಮೆಯಾದರೆ ಕೆಳಕ್ಕೆ.

ಹತ್ತನೇ ದಿನ ಬಂದರೆ ಡಾಕ್ಟರ ಹತ್ತಿರ ಹೋಗಿ. ಆಗಲೂ ಆಂಟಿಬಯಾಟಿಕ್ ಕಡ್ಡಾಯವೇನಲ್ಲ. ಆರೋಗ್ಯವಂತರಾದ ದೊಡ್ಡವರಿಗೆ "ಇನ್ನೊಂದು ವಾರ ನೋಡೋಣ" ಎಂದು ಅವರು ಹೇಳಬಹುದು. ಅದು ನಿರ್ಲಕ್ಷ್ಯವಲ್ಲ, ಅದೂ ಒಂದು ಚಿಕಿತ್ಸಾ ಕ್ರಮವೇ. ಕೊಟ್ಟರೆ ಸಾಮಾನ್ಯವಾಗಿ ಮೊದಲು ಕೊಡುವುದು ಅಮಾಕ್ಸಿಸಿಲಿನ್ ಅಥವಾ ಅದರ ಜೊತೆ ಕ್ಲಾವುಲನೇಟ್ ಸೇರಿದ್ದು, 5ರಿಂದ 10 ದಿನ. ಪೆನಿಸಿಲಿನ್ ಅಲರ್ಜಿ ಇದ್ದರೆ, ಬಸುರಿಯಾಗಿದ್ದರೆ, ಮೊದಲೇ ಹೇಳಬೇಕು. ನಾನು ವರ್ಷಗಟ್ಟಲೆ ನುಂಗಿದ ಮೂರು ದಿನದ ಅಜಿಥ್ರೊಮೈಸಿನ್ ಈ ಸೋಂಕಿಗೆ ಮೊದಲ ಆಯ್ಕೆಯೇ ಅಲ್ಲವಂತೆ. ಇದನ್ನು ಉಂಟುಮಾಡುವ ಬ್ಯಾಕ್ಟೀರಿಯಾಗಳಲ್ಲಿ ಬಹಳಷ್ಟು ಅದಕ್ಕೆ ಬಗ್ಗುವುದಿಲ್ಲ. ಮತ್ತೆ "ಮೂರೇ ದಿನಕ್ಕೆ ವಾಸಿಯಾಗುತ್ತಿತ್ತಲ್ಲ" ಎಂದರೆ, ನಾನು ಶುರು ಮಾಡುತ್ತಿದ್ದದ್ದೇ ಐದನೇ ದಿನ. ವೈರಸ್ ಹೇಗೂ ಹೊರಡುವ ಹೊತ್ತು. ಹೆಸರು ಮಾತ್ರೆಗೆ ಬಂತು.

ಸ್ಟ್ರಿಪ್ಪಿನ ಮೇಲೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಅದನ್ನು ಚೀಟಿಯಿಲ್ಲದೆ ಕೊಳ್ಳಬಾರದು ಎಂದರ್ಥ. 2016ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಇದರ ಬಗ್ಗೆ ಪ್ರಚಾರವನ್ನೇ ಮಾಡಿತ್ತು. ಆಂಟಿಬಯಾಟಿಕ್ ಶುರು ಮಾಡಿ ಮೂರು ದಿನವಾದರೂ ಜಗ್ಗದಿದ್ದರೆ ಮತ್ತೆ ಹೋಗಿ ತೋರಿಸಿ. ಮನೆಯಲ್ಲಿ ಉಳಿದ ಹಳೇ ಮಾತ್ರೆ ಹುಡುಕಬೇಡಿ.

ಸ್ಟೀರಾಯ್ಡ್ ಸ್ಪ್ರೇ ಹಾಕಿಕೊಳ್ಳುವುದು

ಹೆಸರು ಕೇಳಿ ಹೆದರುವವರು ಜಾಸ್ತಿ. ಫ್ಲುಟಿಕಸೋನ್, ಮೊಮೆಟಸೋನ್ ಸ್ಪ್ರೇಗಳು ಮೂಗಿನಲ್ಲೇ ಕೆಲಸ ಮಾಡುತ್ತವೆ, ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಅಲರ್ಜಿ ಇದ್ದವರಿಗೆ, ದೀರ್ಘಕಾಲದ ಸೈನಸ್ ತೊಂದರೆಗೆ ಇದೇ ಮುಖ್ಯ ಔಷಧ. ಡ್ರಾಪ್ಸ್ ಥರ ಹತ್ತು ನಿಮಿಷದಲ್ಲಿ ಮೂಗು ಬಿಡುವುದಿಲ್ಲ. ದಿನಾ ಹಾಕಿಕೊಂಡರೆ ಒಂದೆರಡು ವಾರಕ್ಕೆ ಗೊತ್ತಾಗುತ್ತದೆ. "ಕೆಲಸವೇ ಮಾಡಲ್ಲ" ಎಂದು ನಾಲ್ಕನೇ ದಿನ ಬಿಟ್ಟವರೇ ಬಹಳ.

ಮೂಗು ತೊಳೆದು ಸ್ವಲ್ಪ ಹೊತ್ತಾದ ಮೇಲೆ ಹಾಕಿಕೊಳ್ಳಿ. ಬಾಟಲಿ ಅಲ್ಲಾಡಿಸಿ. ತಲೆ ಹಿಂದಕ್ಕೆ ಎತ್ತಬೇಡಿ, ಸ್ವಲ್ಪ ಮುಂದಕ್ಕೆ ಬಾಗಿ. ಬಲ ಹೊಳ್ಳೆಗೆ ಎಡಗೈ, ಎಡ ಹೊಳ್ಳೆಗೆ ಬಲಗೈ. ಹೀಗೆ ಹಿಡಿದರೆ ತುದಿ ತಾನಾಗಿ ಹೊರಗಡೆಗೆ, ಕಿವಿಯ ಕಡೆಗೆ ತಿರುಗುತ್ತದೆ. ನಡುಗೋಡೆಗೆ ಹೊಡೆದರೆ ಅಲ್ಲಿ ಒಣಗಿ ರಕ್ತ ಬರುತ್ತದೆ. ಒತ್ತಿದ ಮೇಲೆ ಸೊರ್ ಎಂದು ಎಳೆದುಕೊಳ್ಳಬೇಡಿ. ಗಂಟಲಲ್ಲಿ ಕಹಿ ಬಂತೆಂದರೆ ಔಷಧ ಹೊಟ್ಟೆಗೆ ಹೋಯಿತು ಎಂದೇ ಲೆಕ್ಕ.

ಕ್ಯಾಲೆಂಡರ್ ಬಿಟ್ಟು ಆಸ್ಪತ್ರೆಗೆ ಓಡಬೇಕಾದಾಗ

ಸೈನಸ್‌ಗಳಿಗೂ ಕಣ್ಣಿಗೂ ನಡುವೆ ಇರುವುದು ಕಾಗದದಷ್ಟು ತೆಳ್ಳಗಿನ ಮೂಳೆ. ಹಣೆಯ ಸೈನಸ್ಸಿನ ಹಿಂದುಗಡೆ ಮಿದುಳು. ಆದ್ದರಿಂದ ಇವು ಕಂಡರೆ ಎಷ್ಟನೇ ದಿನ ಎಂದು ಎಣಿಸುತ್ತಾ ಕೂರಬೇಡಿ: ಕಣ್ಣಿನ ಸುತ್ತ ಊತ ಅಥವಾ ಕೆಂಪು, ಕಣ್ಣು ಮುಂದಕ್ಕೆ ಬಂದಂತಾಗುವುದು, ಒಂದು ಎರಡಾಗಿ ಕಾಣುವುದು, ದೃಷ್ಟಿ ಮಂಜಾಗುವುದು, ಹಣೆಯ ಮೇಲೆ ಮೆತ್ತಗಿನ ಊತ, ತಡೆಯಲಾಗದ ತಲೆನೋವಿನ ಜೊತೆ ವಾಂತಿ, ಕತ್ತು ಬಗ್ಗಿಸಲಾಗದಿರುವುದು, ಮಾತು ತೊದಲುವುದು, ಮಂಕು ಕವಿಯುವುದು. ಅದೇ ರಾತ್ರಿ ಹೋಗಬೇಕು.

ಸಕ್ಕರೆ ಕಾಯಿಲೆ ಹಿಡಿತದಲ್ಲಿ ಇಲ್ಲದವರು, ಕೀಮೋಥೆರಪಿಯಲ್ಲಿರುವವರು, ಅಂಗ ಕಸಿ ಮಾಡಿಸಿಕೊಂಡವರು ಇನ್ನೂ ಎಚ್ಚರದಿಂದಿರಬೇಕು. 2021ರ ಬೇಸಿಗೆಯ ಬ್ಲ್ಯಾಕ್ ಫಂಗಸ್ ಯಾರಿಗೂ ಮರೆತಿರಲಿಕ್ಕಿಲ್ಲ. ಕೋವಿಡ್, ಏರಿದ ಸಕ್ಕರೆ, ಸ್ಟೀರಾಯ್ಡ್ ಮೂರೂ ಸೇರಿದ ಕಡೆ ಮ್ಯೂಕರ್ ಎಂಬ ಶಿಲೀಂಧ್ರ ಮೂಗಿನಿಂದ ಸೈನಸ್ಸಿಗೆ, ಅಲ್ಲಿಂದ ಕಣ್ಣಿಗೆ ಹೋಯಿತು. ಕೆನ್ನೆ ಜೋಮು ಹಿಡಿದಂತಾಗುವುದು, ಅಂಗುಳಿನಲ್ಲಿ ಅಥವಾ ಮೂಗಿನಲ್ಲಿ ಕಪ್ಪು ಕಲೆ, ಹಲ್ಲು ಸಡಿಲವಾಗುವುದು, ಇವು ಅದರ ಗುರುತು. ಕೋವಿಡ್ ಹೋದರೂ ಆ ಶಿಲೀಂಧ್ರ ಎಲ್ಲಿಗೂ ಹೋಗಿಲ್ಲ. ಗಂಟೆಗಳ ಲೆಕ್ಕದಲ್ಲಿ ಚಿಕಿತ್ಸೆ ಶುರುವಾಗಬೇಕು.

ಅದು ಸೈನಸ್ ತಲೆನೋವೇ ಅಲ್ಲದಿರಬಹುದು

ಬಿಸಿಲಿಗೆ ಹೋದರೆ ಹಣೆ ಸಿಡಿಯುತ್ತದೆ, ಊಟ ತಪ್ಪಿದರೆ ಕಣ್ಣಿನ ಸುತ್ತ ನೋವು, ಬೆಳಕು ನೋಡಲಾಗುವುದಿಲ್ಲ, ವಾಕರಿಕೆ. ಇದನ್ನೂ "ಸೈನಸ್" ಎಂದೇ ಕರೆಯುತ್ತೇವೆ. ತಮಗೆ ಸೈನಸ್ ತಲೆನೋವು ಎಂದು ಹೇಳಿಕೊಂಡ ಸುಮಾರು 3000 ಜನರನ್ನು ಅಮೆರಿಕದಲ್ಲಿ ಪರೀಕ್ಷಿಸಿದಾಗ 88% ಜನರಿಗೆ ಇದ್ದದ್ದು ಮೈಗ್ರೇನ್ ಮಾದರಿಯ ತಲೆನೋವು. ಆ ಅಧ್ಯಯನ ಪ್ರಕಟವಾದದ್ದು 2004ರಲ್ಲಿ. ಮೈಗ್ರೇನಿನಲ್ಲೂ ಮೂಗು ಸ್ವಲ್ಪ ಕಟ್ಟುತ್ತದೆ, ಕಣ್ಣಲ್ಲಿ ನೀರು ಬರುತ್ತದೆ, ಅದಕ್ಕೇ ಗೊಂದಲ. ಗಟ್ಟಿ ಸಿಂಬಳವೇ ಇಲ್ಲದೆ ಒಂದೆರಡು ದಿನದಲ್ಲಿ ಬಂದು ಹೋಗುವ ನೋವಾದರೆ ಮೂಗಿಗೆ ಔಷಧ ಹಾಕಿ ಪ್ರಯೋಜನವಿಲ್ಲ. ತಲೆನೋವಿಗೇ ತೋರಿಸಬೇಕು.

ಹನ್ನೆರಡು ವಾರ ದಾಟಿದರೆ

ಇಲ್ಲಿಂದ ಅದು ದೀರ್ಘಕಾಲದ ಸೈನಸೈಟಿಸ್. ಸೋಂಕಿಗಿಂತ ಒಳಪದರದ ಉರಿಯೂತವೇ ಇಲ್ಲಿ ಮುಖ್ಯ, ಹಾಗಾಗಿ ಮೇಲಿಂದ ಮೇಲೆ ಆಂಟಿಬಯಾಟಿಕ್ ನುಂಗಿದರೆ ಹೋಗುವುದಿಲ್ಲ. ದಿನಾ ಮೂಗು ತೊಳೆಯುವುದು, ಸ್ಟೀರಾಯ್ಡ್ ಸ್ಪ್ರೇ, ಅಲರ್ಜಿ ಇದ್ದರೆ ಅದಕ್ಕೆ ಔಷಧ, ತಿಂಗಳುಗಟ್ಟಲೆ.

ಡಾಕ್ಟರ್ ಸಣ್ಣ ಕ್ಯಾಮೆರಾ ಇರುವ ಎಂಡೋಸ್ಕೋಪ್ ಹಾಕಿ ನೋಡುತ್ತಾರೆ. ಸ್ಪ್ರೇ ಹೊಡೆದು ಮರಗಟ್ಟಿಸುವುದರಿಂದ ನೋವಿಲ್ಲ, ಸೀನು ಬಂದ ಹಾಗಾಗಿ ಕಣ್ಣಲ್ಲಿ ನೀರು ಬರುತ್ತದೆ ಅಷ್ಟೇ. ಬೇಕಿದ್ದರೆ ಸಿಟಿ ಸ್ಕ್ಯಾನ್. ಎಕ್ಸ್‌ರೇಯಿಂದ ಹೆಚ್ಚೇನೂ ತಿಳಿಯುವುದಿಲ್ಲ. ಆದರೆ ನೆಗಡಿ ಇರುವಾಗ ಸ್ಕ್ಯಾನ್ ಮಾಡಿಸಬೇಡಿ. 1994ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಬರೀ ನೆಗಡಿ ಇದ್ದ 31 ಜನರ ಸ್ಕ್ಯಾನ್ ತೆಗೆದರೆ 27 ಜನರ ಕೆನ್ನೆ ಸೈನಸ್ಸಿನಲ್ಲಿ ತೊಂದರೆ ಕಂಡಿತು. ಎರಡು ವಾರ ಬಿಟ್ಟು ಅವರಲ್ಲಿ ಕೆಲವರಿಗೆ ಮತ್ತೆ ತೆಗೆದಾಗ ಹೆಚ್ಚಿನವರಿಗೆ ಆಂಟಿಬಯಾಟಿಕ್ ಇಲ್ಲದೆಯೇ ತಿಳಿಯಾಗಿತ್ತು.

ಒಂದೇ ಕಡೆ ಮೂಗು ಸೋರುತ್ತಿದ್ದು ಕೊಳೆತ ವಾಸನೆ ಬರುತ್ತಿದ್ದರೆ ಮೊದಲು ಹಲ್ಲಿನ ಡಾಕ್ಟರನ್ನು ಕಾಣಿ. ಮೇಲಿನ ದವಡೆ ಹಲ್ಲುಗಳ ಬೇರು ಕೆನ್ನೆ ಸೈನಸ್ಸಿನ ನೆಲಕ್ಕೆ ತಾಗಿಕೊಂಡೇ ಇರುತ್ತದೆ. ಹುಳುಕು ಹಲ್ಲು ಸರಿಯಾಗದೆ ಆ ಸೈನಸ್ ಸರಿಯಾಗದು. ಒಂದೇ ಕಡೆಯಿಂದ ಪದೇ ಪದೇ ರಕ್ತ ಬಂದರೂ ತಡ ಮಾಡದೆ ತೋರಿಸಬೇಕು. ಪಾಲಿಪ್, ಆಸ್ತಮಾ ಎರಡೂ ಇದ್ದವರಲ್ಲಿ ಕೆಲವರಿಗೆ ಆಸ್ಪಿರಿನ್, ಐಬುಪ್ರೊಫೆನ್ ತಿಂದರೆ ಉಸಿರು ಕಟ್ಟುತ್ತದೆ. ನೋವಿನ ಮಾತ್ರೆ ತಂದುಕೊಡುವ ಮುಂಚೆ ಕೇಳಿ.

ಇಷ್ಟಕ್ಕೂ ಬಗ್ಗದಿದ್ದರೆ ಆಪರೇಷನ್. ಹಿಂದೆ ತುಟಿಯ ಒಳಗಿನಿಂದ ಕೆನ್ನೆ ಮೂಳೆ ಕೊರೆದು, ಸೈನಸ್ಸಿನ ತಳದ ಹತ್ತಿರ ಹೊಸ ಕಂಡಿ ಮಾಡುತ್ತಿದ್ದರು. ನೀರು ಕೆಳಕ್ಕೆ ಹರಿಯುತ್ತದೆ ಎಂಬ ಲೆಕ್ಕ. ಆಸ್ಟ್ರಿಯದ ಗ್ರಾಜ್ ಊರಿನ ವಾಲ್ಟರ್ ಮೆಸ್ಸರ್‌ಕ್ಲಿಂಗರ್ ಲೋಳೆ ಯಾವ ದಾರಿಯಲ್ಲಿ ಹೋಗುತ್ತದೆ ಎಂದು ಗಮನಿಸಿ ನೋಡಿದರು. ತಳದಲ್ಲಿ ಎಷ್ಟೇ ದೊಡ್ಡ ಕಂಡಿ ಮಾಡಿದರೂ ರೋಮಗಳು ಲೋಳೆಯನ್ನು ಮೇಲಿನ ಹಳೇ ಕಂಡಿಗೇ ತಳ್ಳುತ್ತವೆ! ಹಾಗಾಗಿ ಈಗ ಮೂಗಿನೊಳಗಿಂದಲೇ ಎಂಡೋಸ್ಕೋಪ್ ಹಾಕಿ ಹುಟ್ಟಿನಿಂದ ಇರುವ ಕಂಡಿಯನ್ನೇ ಅಗಲ ಮಾಡುತ್ತಾರೆ. ಈ ಆಪರೇಷನ್ನಿಗೇ ಫೆಸ್ (FESS) ಎನ್ನುತ್ತಾರೆ. ಮುಖದ ಮೇಲೆ ಗಾಯ ಇರುವುದಿಲ್ಲ. ಆಪರೇಷನ್ ಆದ ಮೇಲೆ ಒಂದೆರಡು ವಾರ ಮೂಗು ಸೀಟುವಂತಿಲ್ಲ, ಭಾರ ಎತ್ತುವಂತಿಲ್ಲ, ಸೀನು ಬಂದರೆ ಬಾಯಿ ತೆರೆದೇ ಸೀನಬೇಕು. ಮೂಗು ತೊಳೆಯುವುದು, ಸ್ಪ್ರೇ ಎರಡೂ ಮುಂದುವರಿಯುತ್ತವೆ. ಪಾಲಿಪ್ ಇದ್ದವರಿಗೆ ಮತ್ತೆ ಬೆಳೆಯಬಹುದು. "ಒಂದು ಸಲ ಆಪರೇಷನ್ ಮಾಡಿಸಿದರೆ ಮುಗೀತು" ಎಂದು ಯಾರಾದರೂ ಹೇಳಿದರೆ ಇನ್ನೊಬ್ಬ ಡಾಕ್ಟರನ್ನೂ ಕೇಳಿ.

ಮಕ್ಕಳಿಗೆ

ಪುಟ್ಟ ಮಕ್ಕಳಿಗೆ ಹಣೆಯ ಸೈನಸ್ ಇನ್ನೂ ಬೆಳೆದೇ ಇರುವುದಿಲ್ಲ. ಅವರು ತಲೆನೋವು ಎನ್ನುವುದು ಕಡಿಮೆ, ಹತ್ತು ದಿನ ದಾಟಿದ ನೆಗಡಿ ಮತ್ತು ಕೆಮ್ಮೇ ಗುರುತು. ಒಂದೇ ಹೊಳ್ಳೆಯಿಂದ ಗಬ್ಬು ವಾಸನೆಯ ಸಿಂಬಳ ಬಂದರೆ ಅದು ಸೈನಸ್ ಅಲ್ಲ, ಬಹುತೇಕ ಅವರೆಕಾಳೋ ಕಡಲೆಬೀಜವೋ ಮಣಿಯೋ ಒಳಗಿರುತ್ತದೆ. ಪಿನ್ನು ಹಾಕಿ ಕೆದಕಬೇಡಿ, ಇನ್ನೂ ಒಳಗೆ ಹೋಗುತ್ತದೆ. ರಿಮೋಟಿನ ಬಟನ್ ಸೆಲ್ ಹಾಕಿಕೊಂಡಿದೆ ಎಂಬ ಅನುಮಾನ ಬಂದರೂ ಸಾಕು, ಆ ಕ್ಷಣವೇ ಹೊರಡಿ. ಕೆಲವೇ ಗಂಟೆಗಳಲ್ಲಿ ಮೂಗಿನ ನಡುಗೋಡೆ ಸುಟ್ಟು ತೂತಾಗುತ್ತದೆ.

ವರ್ಷಕ್ಕೆ ನಾಲ್ಕು ಸಲ ಬರುತ್ತಿದ್ದರೆ

ನಾಲ್ಕೋ ಅದಕ್ಕಿಂತ ಜಾಸ್ತಿಯೋ ಸಲ ಬಂದು, ನಡುವೆ ಪೂರ್ತಿ ವಾಸಿಯಾಗುತ್ತಿದ್ದರೆ ಕಾರಣ ಹುಡುಕಬೇಕು. ನಾನು ಎರಡನೇ ಸಲ ಡಾಕ್ಟರ ಹತ್ತಿರ ಹೋದಾಗ ಕ್ಯಾಲೆಂಡರನ್ನೇ ಮೊಳೆಯಿಂದ ಕಿತ್ತು ಸುತ್ತಿಕೊಂಡು ಹೋಗಿದ್ದೆ. ಅವರು ಹಾಳೆ ತಿರುವುತ್ತಾ ಹೋದರು. ಯುಗಾದಿಯ ಹಿಂದಿನ ವಾರ ಒಂದು "ನೆ". ಗೌರಿ ಹಬ್ಬದ ಹಿಂದೆ ಒಂದು. ಆಯುಧಪೂಜೆ ಹತ್ತಿರ ಒಂದು, ದೀಪಾವಳಿಗೆ ಒಂದು.

"ಹಬ್ಬಕ್ಕೆ ಏನು ಮಾಡ್ತೀರಮ್ಮ?"

"ಎಲ್ಲರ ಹಾಗೇ. ಅಟ್ಟ ಇಳಿಸಿ ಧೂಳು ಹೊಡೀತೀನಿ."

ಅಲರ್ಜಿ ಪರೀಕ್ಷೆಯಲ್ಲಿ ಧೂಳಿನ ನುಸಿಗೆ ಕೈ ಮೇಲೆ ದೊಡ್ಡ ಗಂಧೆಯೇ ಎದ್ದಿತು. ಈಗ ಅಟ್ಟಕ್ಕೆ ಒದ್ದೆ ಬಟ್ಟೆ, ಮುಖಕ್ಕೆ ಎನ್-95 ಮಾಸ್ಕ್. ದಿಂಬಿನ ಕವರು, ಹೊದಿಕೆ ವಾರಕ್ಕೊಮ್ಮೆ ಬಿಸಿ ನೀರಿಗೆ. ಹಬ್ಬಕ್ಕೆ ಎರಡು ವಾರ ಇರುವಾಗಲೇ ಸ್ಪ್ರೇ ಶುರು ಮಾಡುತ್ತೇನೆ, ಧೂಳು ಹೊಡೆದ ದಿನ ಸಂಜೆ ಮೂಗು ತೊಳೆಯುತ್ತೇನೆ. ಹೋದ ವರ್ಷದ ಕ್ಯಾಲೆಂಡರಿನಲ್ಲಿ "ನೆ" ಒಂದೇ ಇದೆ, ಜುಲೈ ತಿಂಗಳಲ್ಲಿ. ಎಂಟನೇ ದಿನಕ್ಕೆ ಬಾಣ ಕೆಳಗಿಳಿದಿದೆ.